ಮೂವತ್ತೆರಡನೆಯ ಚೀಟಿ

ಈ ಜಾಗದ ಹೆಸರೇ ಸಜಾ.
ಮೊದಲ ದಿನ ಬಸ್ಸಿಳಿದು ಬೋರ್ಡು ಓದುವಾಗ
ಗುಲ್ಜಮಾನ್ ನಕ್ಕಿದ್ದ: ನಿನ್ನದು ಎಷ್ಟು ವರ್ಷದ್ದು, ಭಾಯಿ?
ಶಾರ್ಜಾದ ಈ ಅಂಚಿನಲ್ಲಿ, ಸಿಮೆಂಟು ಧೂಳಿನ ಹಿಂದೆ,
ಬ್ಲಾಕಿಗೊಂದು ಮೆಸ್ಸು, ಮೆಸ್ಸಿಗೊಬ್ಬ ಸೆಕ್ರೆಟರಿ.
ಹಳೆಯವನು ಕೋಳಿ ಲೆಕ್ಕದಲ್ಲಿ ಸಿಕ್ಕಿಬಿದ್ದ.
ಅರವತ್ತು ದಿರಂ.
ಊರಲ್ಲಿ ಕೋಟಿ ನುಂಗಿದವನಿಗೆ
ಹೆಗಲು ಕೊಟ್ಟು ಮೆರವಣಿಗೆ ಮಾಡಿಬಂದ ದೂಮಪ್ಪನೇ
ಇಲ್ಲಿ ತಟ್ಟೆ ಬಡಿದು ಎದ್ದು ನಿಂತ:
ಚುನಾವಣೆ ಆಗಲಿ.

ಹಾಲಿನ ಪುಡಿ ಡಬ್ಬಿಯ ಮುಚ್ಚಳ ನಾನೇ ಸೀಳಿದೆ.
ಸ್ಟೋರ್ ಕೀಪರನಲ್ಲವೆ, ಕತ್ತರಿ ದಾರದ ಜೊತೆಗೆ
ನ್ಯಾಯವೂ ನನ್ನ ಕಪಾಟಿನಲ್ಲೇ ಇದೆಯೆಂದು ಇವರ ಎಣಿಕೆ.
ದೂಮಪ್ಪನಿಗೆ ಸೌಟು, ಲಿಗೋರಿಗೆ ಮೀನು.
ಬೆರಳಿಗೆ, ಪೈಪು ಗುರುತಿಸುವ ಕಪ್ಪು ಮಾರ್ಕರು.
ಮೈಸೂರಿನ ಶಾಯಿಯ ಗತ್ತೇ ಬೇರೆ ಎಂದ ಲಿಗೋರಿ,
ಹಾಕಿಸಿಕೊಂಡು ಹನ್ನೊಂದು ವರ್ಷವಾಗಿತ್ತು ಅವನಿಗೆ.

ಓಟು ಹಾಕಿ ಏನು ಕಡಿದು ಗುಡ್ಡೆ ಹಾಕೀವಿ?
ಯಮನೂರಪ್ಪ ಚಪಾತಿ ಹರಿಯುತ್ತ ಕೇಳಿದ.
ಇಲ್ಲಿ ನೋಡ್ರಿ, ಭಾಷಣ ಇಲ್ಲ, ಬ್ಯಾನರ್ ಇಲ್ಲ, ರಸ್ತೆ ಮಾತ್ರ ಕನ್ನಡಿ.
ನಮ್ಮ ಹಳ್ಳದ ಸೇತುವೆಗೆ ಮೂರು ಶಂಕುಸ್ಥಾಪನೆ,
ಮೂರೂ ಕಲ್ಲಿನ ಮೇಲೆ ನನ್ನ ಹೆಂಡತಿ ಅರಿವಿ ಒಗೀತಾಳ.
ನಾನು ಒಮ್ಮೆ ಹಾಕಿದ್ದೆ, ಎಂದ ಗುಲ್ಜಮಾನ್,
ಬೂತಿನಿಂದ ಮನೆ ಮುಟ್ಟುವಷ್ಟರಲ್ಲಿ
ಗೆದ್ದವನ ಪಟಾಕಿ ಮುಗಿದಿತ್ತು.
ನಮ್ಮಲ್ಲಿ ಸರ್ಕಾರ ಬಿದ್ದರೆ
ಕೋಳಿಯೂ ಕಣ್ಣು ಬಿಡುವುದಿಲ್ಲ: ಇದು ಟೇಕ್ ಬಹಾದೂರ್.
ಆದರೂ ಅಲ್ಲಿ, ಲಿಗೋರಿ ದನಿ ಏರಿಸಿದ,
ಬಸ್ ಸ್ಟ್ಯಾಂಡಿನಲ್ಲಿ ನಿಂತು ಮಂತ್ರಿಗೆ ಬೈಯಬಹುದು ಮಾರಾಯ!
ಬೈಯಬಹುದು ಎಂದವನು
ಒಮ್ಮೆ ಬಾಗಿಲ ಕಡೆ ನೋಡಿದ.

ನಾನು ಸುಮ್ಮನಿದ್ದೆ. ಫೋನಿನಲ್ಲಿ
ತಂಗಿ ಕಳಿಸಿದ ಮತದಾರ ಚೀಟಿಯ ಪಟ.
ಕ್ರಮಸಂಖ್ಯೆ ಆರುನೂರ ಹದಿನಾಲ್ಕು,
ಹೆಸರು ನನ್ನದೇ, ಅಪ್ಪನದು ತಪ್ಪು.
ಅಣ್ಣ, ನಿನ್ನ ಓಟು ಬೆಳಿಗ್ಗೆಯೇ ಬಿದ್ದಿದೆಯಂತೆ,
ಎಂದಿದ್ದಳು ಸಂಜೆ.
ಮುಚ್ಚಿ ಹೇಳುವುದೇನು, ಮೊದಲು ಖುಷಿಯಾಯಿತು:
ಯಾವನೋ ಒಬ್ಬ ನಾನಾಗಿ ಬಿಸಿಲಲ್ಲಿ ಸಾಲು ನಿಂತು
ನನ್ನ ಹೆಸರು ಕೂಗಿದ್ದಕ್ಕೆ ಹ್ಞೂಂ ಎಂದನಲ್ಲ.
ಸಿಟ್ಟು ಬಂದದ್ದು ಮಾರನೆ ದಿನ, ಕ್ರೇನಿನ ನೆರಳಲ್ಲಿ,
ಬಂದದ್ದು ಇನ್ನೂ ಪೂರ್ತಿ ಹೋಗಿಲ್ಲ.

ಸದಸ್ಯರು ಮೂವತ್ತೊಂದು.
ಸೌಟಿಗೆ ಹದಿನಾರು, ಮೀನಿಗೆ ಹದಿನೈದು.
ಡಬ್ಬಿ ಬೋರಲು ಹಾಕಿ ತಳ ತಟ್ಟಿದರೆ
ಇನ್ನೊಂದು ಬಿತ್ತು:
ಅಕ್ಕಿ ಚೀಲದಿಂದ ಹರಿದ ತುಂಡು,
ಸೌಟೂ ಇಲ್ಲ, ಮೀನೂ ಇಲ್ಲ,
ಒಂದು ಹೆಬ್ಬೆರಳು. ಹಸಿ ಅರಿಶಿನ.

ಒಳಗೆ ಶಫಿಕುಲ್ ಈರುಳ್ಳಿ ಹೆಚ್ಚುವ ಸದ್ದು ನಿಂತಿತು.

ಅಡುಗೆಯವನಿಗೆಂಥ ಓಟು? ದೂಮಪ್ಪ ಗುಡುಗಿದ.
ಸಂಬಳ ಕೊಡುತ್ತೇವೆ, ಮಲಗಲು ಜಾಗ ಕೊಟ್ಟಿದ್ದೇವೆ,
ಬಂದ ಕೆಲಸ ಮಾಡಿಕೊಂಡು ಇರಲಿ.
ಈ ಮಾತು ಎಲ್ಲೋ ಕೇಳಿದ ಹಾಗಿತ್ತು.
ಎಲ್ಲರಿಗೂ ಹಾಗೇ ಅನ್ನಿಸಿರಬೇಕು,
ಫ್ಯಾನಿನ ಕಿರಿಕಿರಿ ಒಮ್ಮೆಗೇ ದೊಡ್ಡದಾಯಿತು.

ಯಾರಿಗಪ್ಪಾ ಹಾಕಿದೆ, ಎಂದು ಕರೆದು ಕೇಳಿದೆವು.
ಲುಂಗಿಗೆ ಕೈ ಒರೆಸುತ್ತ ಅವನು:
ಯಾರಿಗೂ ಅಲ್ಲ. ಡಬ್ಬಿ ಇತ್ತು, ಹಾಕಿದೆ.

ಒಂದು ಗಂಟೆಯವರೆಗೂ ಜಗಳ. ಇಂಥದ್ದಕ್ಕೆ
ಯಾರೂ ನಿಯಮ ಬರೆದಿರಲಿಲ್ಲ.
ಮರುಎಣಿಕೆ ಎಂದರು, ರದ್ದು ಎಂದರು,
ನಾಲ್ಕೂವರೆಗೆ ಬಸ್ಸು ಎಂದರು.
ದೂಮಪ್ಪ ಸೆಕ್ರೆಟರಿಯೋ ಅಲ್ಲವೋ ಇವತ್ತಿಗೂ ತೀರ್ಮಾನವಿಲ್ಲ.
ಕೋಳಿ ಲೆಕ್ಕ ಮಾತ್ರ ಗೋಡೆಗೆ ನೇತುಬಿದ್ದಿದೆ,
ಓದು ಬಾರದವರೂ ಅದರ ಮುಂದೆ
ಒಂದು ಗಳಿಗೆ ನಿಂತು ಹೋಗುತ್ತಾರೆ.

ಮಾರ್ಕರಿನ ಗೆರೆ ಬೆಳಗಿನ ಬೆವರಿಗೇ ಅಳಿಸಿತು.
ಅರಿಶಿನದ್ದು ನನ್ನ ರಿಜಿಸ್ಟರಿಗೆ ಅಂಟಿಕೊಂಡಿದೆ;
ಆ ಪುಟದಲ್ಲಿ ಬೇಳೆ, ಎಣ್ಣೆ, ಅಕ್ಕಿಯ ಬಾಬ್ತು
ಅದನ್ನು ಬಳಸಿಕೊಂಡು ಬರೆದಿದ್ದೇನೆ.