ಏಳನೇ ಪುಟ

ಗ್ರಿಮ್ಸ್‌ಬಿ ಲೈಬ್ರರಿ, ಮಂಗಳವಾರ ಹತ್ತರಿಂದ ಹನ್ನೊಂದು:
ನಾಲ್ಕನೇ ಕಂಪ್ಯೂಟರು ಬೆರಿಲ್ ಸ್ಟಾಥರ್ ಅವರದು.
ಎಂಬತ್ತೊಂದು ವರ್ಷ. ಒದ್ದೆ ಕೋಟು ಕುರ್ಚಿಯ ಬೆನ್ನಿಗೆ,
ಚೀಲದಲ್ಲಿ ಪೆಪ್ಪರಮಿಂಟು, ಕಥಾಸ್ಪರ್ಧೆಯ ನಿಯಮಗಳ ಹಾಳೆ,
ಕೆಂಪು ಪೆನ್ನಿನಲ್ಲಿ ಗೀಟು ಹಾಕಿದ್ದು.
"ಬರೆದದ್ದಾಯ್ತು. ಇನ್ನು ಹೊರಗೆ ಕಳಿಸೋ ಹಾಗೆ ಮಾಡಿಕೊಡಮ್ಮ."

ನಾನು ಪಕ್ಕದಲ್ಲಿ ಕೂತೆ,
ಶಾಲೆಗೆ ಹೊರಟ ಹುಡುಗಿಗೆ ಜಡೆ ಹಾಕುವವಳಂತೆ.
ನಾಲ್ಕೂ ಕಡೆ ಒಂದಿಂಚು ಅಂಚು.
ಅಕ್ಷರ ಹನ್ನೆರಡು ಪಾಯಿಂಟು, ಸಾಲಿಗೂ ಸಾಲಿಗೂ ಎರಡರಷ್ಟು ದೂರ.
ಪುಟದ ನೆತ್ತಿಗೆ ಕತೆಯ ಹೆಸರು, ಪುಟದ ಸಂಖ್ಯೆ.
ಬರೆದವರ ಹೆಸರು ಮಾತ್ರ ಎಲ್ಲೂ ಕಾಣಕೂಡದು.
"ಇರಲಿ ಬಿಡು," ಅಂದರು,
"ಬಲೆ ಹೆಣೆದಾಗಲೂ ಯಾರೂ ಹೆಸರು ಕೇಳಲಿಲ್ಲ."

ಹದಿನೈದಕ್ಕೇ ಬಲೆಯ ಶೆಡ್ಡು ಸೇರಿದ ಕೈ ಅದು.
ಆಮೇಲೆ ಸಂಜೆಶಾಲೆಯಲ್ಲಿ ಟೈಪಿಂಗು ಕಲಿತು
ಮೀನು ದಲ್ಲಾಳಿಯ ಆಫೀಸಿನಲ್ಲಿ ಬಿಲ್ಲು ಹೊಡೆದದ್ದು.
ಅಲ್ಲಿಯ ಪಾಠ: ಪೂರ್ಣವಿರಾಮದ ಮುಂದೆ ಎರಡು ಖಾಲಿ ಬಡಿತ.
ಈಗಿನ ನಿಯಮ: ಒಂದೇ ಸಾಕು.
ಹುಡುಕು, ಬದಲಿಸು, ಎಲ್ಲವನ್ನೂ.
ನಾನೂರ ಹದಿನೇಳು, ಎಂದಿತು ಯಂತ್ರ.
ಎರಡನೇ ಸಲಕ್ಕೆ ಹನ್ನೊಂದು.
ಮತ್ತೆ ಐದು, ಮೂರು, ಒಂದು, ಒಂದು, ಕೊನೆಗೆ ಸೊನ್ನೆ.
ಅಷ್ಟು ಸಲ ಯಾಕೆ ಎಂದು ನನಗೆ ಹೊಳೆಯಲೇ ಇಲ್ಲ.

ಬೆರಿಲ್ ಪರದೆಗೆ ಮೂಗು ತಾಗಿಸಿ ಓದಿದರು.
ಏಳನೇ ಪುಟದಲ್ಲಿ ಬೆರಳು ನಿಂತಿತು.
"ಇಲ್ಲೊಂದು ಜಾಗ ಇತ್ತು."
ಬಂದರಿನ ಗುಮಾಸ್ತ ಬಾಗಿಲು ತಟ್ಟಿ ಟೋಪಿ ತೆಗೆದ ಮೇಲೆ,
ಒಲೆಯ ಮೇಲೆ ಕೆಟಲು ಕೂಗುವ ಮೊದಲು,
ಅಂಗೈಯಗಲ.
"ಅಲ್ಲಿ ಏನು ಬರೆದಿದ್ದಿರಿ?"
"ಏನೂ ಇಲ್ಲ. ಸಾಕು ಅನ್ನಿಸೋವರೆಗೆ
ಸ್ಪೇಸ್ ಒತ್ತುತ್ತಾ ಕೂತಿದ್ದೆ."

ನನ್ನ ಕಿವಿ ಬಿಸಿಯಾಯಿತು. ಹಾಳೆ ತಿರುವಿದೆ.
ಒಂಬತ್ತನೇ ನಿಯಮ:
ಕತೆ ನಿಲ್ಲುವಲ್ಲಿ ಖಾಲಿ ಬಿಡಬೇಡಿ,
ನಟ್ಟನಡುವೆ ಈ ಗುರುತು ಇಡಿ.

                    #

ಅಡ್ಡ ಎರಡು ಎಳೆ, ಉದ್ದ ಎರಡು ಎಳೆ, ನಡುವೆ ಒಂದು ಕಿಂಡಿ.
ಬಹಳ ಹೊತ್ತು ನೋಡಿದರು.
"ಕಾಡ್ ಮೀನು ಹಿಡಿಯೋಕೆ ತೀರಾ ಸಣ್ಣದಾಯ್ತು."
"ನಮ್ಮ ಭಾಷೆಯಲ್ಲಿ ಇದಕ್ಕೆ ಬಲೆಯ ಕಣ್ಣು ಅನ್ನುತ್ತೇವೆ," ಎಂದೆ.
"ಕಣ್ಣಾ?"
"ಹೂಂ, ಕಣ್ಣು."
ಅವರು ನಗಲಿಲ್ಲ. ಕನ್ನಡಕ ತೆಗೆದು
ಕೋಟಿನ ಒದ್ದೆ ತೋಳಿಗೇ ಒರೆಸಿಕೊಂಡರು,
ಗಾಜು ಇನ್ನಷ್ಟು ಮಂಜಾಯಿತು.

ಹದಿನಾಲ್ಕು ಪುಟ, ಪುಟಕ್ಕೆ ಹತ್ತು ಪೆನ್ಸ್.
ಪಿನ್ನು ಹೊಡೆಯಕೂಡದು, ಕ್ಲಿಪ್ಪು ಮಾತ್ರ.
ಚಿಲ್ಲರೆ ಎಣಿಸುತ್ತಾ, ತಲೆ ಎತ್ತದೆ, ಕೇಳಿದರು:
"ಹಳೇ ಪ್ರತಿ ಇನ್ನೂ ಇದೆಯಾ ಅದರೊಳಗೆ?"
"ಇದೆ."
"ಅದನ್ನೂ ತೆಗೆದುಕೊಡು. ಬರೀ ಏಳನೇ ಪುಟ."
ಮತ್ತೊಂದು ಹತ್ತು ಪೆನ್ಸ್ ಮೇಜಿನ ಮೇಲೆ ಇಟ್ಟರು.