ನಲವತ್ತೆರಡು ಮೀಟರ್ ಕೆಳಗೆ

ಸ್ಯಾನ್ ಆಂಟೋನಿಯೊ ಬಂದರಿನ ಏಳನೇ ಕ್ರೇನಿನಲ್ಲಿ
ಹತ್ತೊಂಬತ್ತು ವರ್ಷ ಕೂತಿದ್ದೆ.
ಕಾಲಡಿ ಗಾಜು, ಗಾಜಿನಡಿ ಹಡಗು,
ಹಡಗಿನಡಿ ಪೆಸಿಫಿಕ್.
ಪೆಟ್ಟಿಗೆಯೊಂದನ್ನು ನೆಲ ಬಿಡಿಸಿದರೆ ಸಾಕು,
ಒಳಗಿರುವುದು ಹತ್ತಿಯೋ ತಾಮ್ರವೋ
ಕಾಗದಕ್ಕಿಂತ ಮೊದಲು ಸೊಂಟಕ್ಕೆ ಗೊತ್ತಾಗುತ್ತಿತ್ತು.

ಈಗ ನನ್ನನ್ನು ಕೆಳಗಿಳಿಸಿದ್ದಾರೆ.
ಬಡ್ತಿ ಎನ್ನುತ್ತದೆ ಪತ್ರ.

ಬಂದರಿಗೆ ಎರಡು ಕಿಲೋಮೀಟರ್ ದೂರ
ಕಿಟಕಿಯಿಲ್ಲದ ಕೋಣೆ, ನಾಲ್ಕು ಪರದೆ,
ಏಳು ಬಗೆಯಲ್ಲಿ ಬಾಗುವ ಕುರ್ಚಿ,
ಒಂದು ಬಗೆಯಲ್ಲೂ ತೂಗುವುದಿಲ್ಲ.
ಬೆರಳಲ್ಲಿ ಕೋಲು ತಿರುಗಿಸಿದರೆ
ಅಲ್ಲೆಲ್ಲೋ ಕ್ರೇನು ಅಲುಗುತ್ತದೆ
ಅರ್ಧ ಕ್ಷಣ ತಡವಾಗಿ,
ಕರೆದಾಗ ಮನಸ್ಸಿಲ್ಲದೆ ಎದ್ದು ಬರುವ ಹುಡುಗನ ಹಾಗೆ.
ಆ ಅರ್ಧ ಕ್ಷಣವೇ ಹೊಟ್ಟೆಯಲ್ಲಿ ಹುಣ್ಣಾಗಿದೆ ಎಂದರು ವೈದ್ಯರು.
ಅಂದರೆ, ಹುಣ್ಣು ಎಂದರು.
ಉಳಿದದ್ದು ನಾನು ಸೇರಿಸಿದ್ದು.

ಮಂಗಳವಾರ ಸ್ಯಾಂಟಿಯಾಗೊದಿಂದ ಹಾವಿಯೆರಾ ಬಂದಳು,
ಇಪ್ಪತ್ತೇಳರ ಹುಡುಗಿ, ಬಿಳಿ ಬೂಟು,
ಚೀಲದ ತುಂಬ ಹಳದಿ ಚೀಟಿ.
ಬದಲಾವಣೆಗೆ ಐದು ಮೆಟ್ಟಿಲು ಎಂದಳು.
'ನಮ್ಮ ಏಣಿಗೆ ನೂರ ಎಂಬತ್ತೆರಡಿದ್ದವು, ತಾಯಿ,
ಲಿಫ್ಟು ಕೆಟ್ಟ ದಿನಗಳಲ್ಲಿ ಎಣಿಸಿದ್ದೇವೆ'
ಎಂದ ಓಸ್ವಾಲ್ದೊ.
ಎಲ್ಲರೂ ನಕ್ಕರು. ಅವಳೂ ನಕ್ಕಳು, ಕಿವಿ ಕೆಂಪಾಗಿ.

ನಿಮ್ಮ ಭಯ ಬರೆದು ಗೋಡೆಗೆ ಅಂಟಿಸಿ ಎಂದಳು.
ಎದೆಲ್ಮೀರಾ ಬರೆದಳು: ಮೂವತ್ತೊಂದು ಜನ, ಹನ್ನೆರಡು ಕುರ್ಚಿ.
ಇದು ಭಯವಲ್ಲ, ಲೆಕ್ಕ, ಎಂದು ಕೆಳಗೆ ಗೆರೆ ಎಳೆದಳು.
ಓಸ್ವಾಲ್ದೊ ಏನೂ ಬರೆಯಲಿಲ್ಲ,
ಖಾಲಿ ಚೀಟಿಯನ್ನೇ ಅಂಗೈಯಿಂದ ಒತ್ತಿ ಅಂಟಿಸಿದ.
ನಾನು ಬರೆದೆ:
ಗಾಳಿ ಕೇಳಿಸುತ್ತಿಲ್ಲ.

ಆಮೇಲೆ ಉಸಿರು ಕಲಿಸಿದಳು.
ನಾಲ್ಕು ಎಣಿಸಿ ಒಳಗೆ, ನಾಲ್ಕು ತಡೆದು,
ನಾಲ್ಕು ಎಣಿಸಿ ಹೊರಗೆ.
ಐವತ್ತನಾಲ್ಕು ವರ್ಷ ಇಷ್ಟು ದಿನ ಏನು ಮಾಡುತ್ತಿದ್ದೆನೋ.

ಜುಲೈ, ನಡುಚಳಿಗಾಲ, ರಾತ್ರಿ ಮೂರು.
ದಕ್ಷಿಣದಿಂದ ಅಲೆ ಎದ್ದಿತ್ತು.
ಪರದೆಯಲ್ಲಿ ನನ್ನ ಪೆಟ್ಟಿಗೆ ತೂಗತೊಡಗಿತು,
ಅದರ ಕೆಳಗೆ ಕಿತ್ತಳೆ ಅಂಗಿಯ ಒಂದು ಚುಕ್ಕೆ,
ಬಹುಶಃ ಚಮೊರೊ, ಹಗ್ಗ ಬಿಚ್ಚುತ್ತಿದ್ದ.
ಕಣ್ಣು ಒಂದು ಹೇಳಿತು, ಕೈ ಇನ್ನೊಂದು.
ಕೋಲು ಬಿಟ್ಟೆ.
ನಾಲ್ಕು ಒಳಗೆ. ನಾಲ್ಕು ತಡೆದೆ.
ನಾಲ್ಕು ಹೊರಗೆ ಹೋಗುವಷ್ಟರಲ್ಲಿ
ಪೆಟ್ಟಿಗೆ ತನ್ನಷ್ಟಕ್ಕೆ ಸುಮ್ಮನಾಯಿತು,
ಚುಕ್ಕೆ ಪಕ್ಕಕ್ಕೆ ಸರಿಯಿತು.

ಬೆಳಿಗ್ಗೆ ವರದಿಯಲ್ಲಿ ಕೆಂಪಕ್ಷರ:
ಏಳನೇ ಕ್ರೇನು, ಹನ್ನೊಂದು ಸೆಕೆಂಡು ನಿಷ್ಕ್ರಿಯ.
ಕಾರಣ ಎಂಬ ಕಲಮಿನಲ್ಲಿ ಆರು ಆಯ್ಕೆಗಳಿದ್ದವು.
ಉಸಿರಾಟ ಎಂಬುದು ಇರಲಿಲ್ಲ.
'ಇತರೆ' ಒತ್ತು, ನಿಬಾಲ್ದೊ, ಎಂದಳು ಎದೆಲ್ಮೀರಾ,
ನಾವೆಲ್ಲ ಅದನ್ನೇ ಒತ್ತುವುದು.

ಆಗಸ್ಟಿನಲ್ಲಿ ಯಾರೋ ತಂತ್ರಜ್ಞ ಬಂದು
ಕ್ರೇನಿನ ಹಳೇ ಗೂಡಿಗೆ ಮೈಕು ಕಟ್ಟಿಹೋದ.
ಹಾವಿಯೆರಾ ಮೂರು ಪತ್ರ ಬರೆದಳಂತೆ, ನಾಲ್ಕಂತೆ.
ಅವಳ ಗುತ್ತಿಗೆ ಅಷ್ಟರಲ್ಲಿ ಮುಗಿದಿತ್ತು,
ನಾವು ಥ್ಯಾಂಕ್ಸ್ ಹೇಳಲಿಲ್ಲ.
ಈಗ ಕೋಣೆಯಲ್ಲಿ ಗಾಳಿ ಇದೆ:
ಕಬ್ಬಿಣದ ನರಳು, ಕಡಲಸಿಂಹಗಳ ಜಗಳ,
ಒಮ್ಮೊಮ್ಮೆ ಮೈಕನ್ನೇ ಕುಕ್ಕುವ ಪೆಲಿಕನ್ನು.
ಅರ್ಧ ಕ್ಷಣ ಹಾಗೇ ಇದೆ. ಹುಣ್ಣೂ.

ಓಸ್ವಾಲ್ದೊ ಪರಿಹಾರದ ಹಣ ಹಿಡಿದು ಹೋದ,
ಹಳೆಯ ಟ್ರಕ್ಕಿನಲ್ಲಿ ಕಲ್ಲಂಗಡಿ ಮಾರುತ್ತಾನೆ,
ತೂಕ ಕೈಯಲ್ಲೇ ಹೇಳುತ್ತಾನೆ.
ನಿದ್ದೆ ಬಾರದ ರಾತ್ರಿ ಫೋನು ಮಾಡಿ
ಹೇಗಿದ್ದೀ ಎಂದು ಕೇಳುವುದಿಲ್ಲ.
ನಾನು ಫೋನನ್ನು ಸ್ಪೀಕರಿನ ಬಾಯಿಗೆ ಹಿಡಿಯುತ್ತೇನೆ.

ನಿನ್ನೆ ತುಂಬ ಹೊತ್ತು ಕೇಳಿಸಿಕೊಂಡ.
ಆಮೇಲೆ ಅಂದ: ಎಡಗಡೆ, ಮೇಲಿನ ಚಕ್ರ,
ಒಂದು ಬೋಲ್ಟು ಸಡಿಲಾಗಿದೆ, ಹೇಳು ಅವರಿಗೆ.

ಬರೆದುಕೊಳ್ಳಲು ಕಾಗದ ಹುಡುಕಿದೆ.
ಕೈಗೆ ಸಿಕ್ಕಿದ್ದು ಗೋಡೆಯ ಮೇಲಿನ ಅವನ ಖಾಲಿ ಚೀಟಿ.
ಅಂಟು ಇನ್ನೂ ಹೋಗಿರಲಿಲ್ಲ.