ಲಂಗರು ಬಿದ್ದ ಮೇಲೆ

ಮ್ಯಾಲೆಗ್ ಬಂದರಿನ ಮೀನುಪೆಟ್ಟಿಗೆಗಳ ನಡುವೆ
ನಮ್ಮದೊಂದು ಸೂಟ್‌ಕೇಸು.
ಹನ್ನೊಂದು ಜನ ಹಿಡಿಸುವ ದೋಣಿ,
ಮೊದಲು ಹೆರಿಂಗ್ ಹಿಡಿಯುತ್ತಿತ್ತಂತೆ,
ಈಗ ನಮ್ಮಂಥವರನ್ನು.

ತಂಗಲು ಎರಡು ಜಾಗ, ಎಂದ ನಾವಿಕ ರೂರಿ.
ಬೆಟ್ಟ ಸೀಳಿ ಒಳಹೊಕ್ಕ ಕಡಲಿನ ಎರಡು ನಾಲಿಗೆ:
ಲಾಖ್ ನೆವಿಸ್, ಲಾಖ್ ಹೂರ್ನ್.
ಒಂದು ಸ್ವರ್ಗದ್ದು, ಒಂದು ನರಕದ್ದು ಅನ್ನುತ್ತಿದ್ದರು ಹಿಂದಿನವರು.
ಗಾಳಿ ನೋಡಿ ಹೋಗೋದು.
ನೀಲಾಂಬಿಕೆ ಅವನ ತುಟಿ ಓದಿ, ನನ್ನ ಕಡೆ ತಿರುಗಿ ನಕ್ಕಳು:
"ಅದೂ ಗಾಳಿ ಮ್ಯಾಲೆ ಐತೇನ್ರಿ!"

ಅವಳ ಕಿವಿ ಹೋದದ್ದು ಬನಹಟ್ಟಿಯಲ್ಲಿ.
ಒಂದೇ ತಗಡಿನಡಿ ಅಪ್ಪನ ಹನ್ನೆರಡು ಪವರ್‌ಲೂಮು,
ಖಟ್ಟಕ್ ಖಟ್ಟಕ್, ಹದಿನಾರು ವರ್ಷ,
ಸೀರೆಯ ಜೊತೆ ಅದನ್ನೂ ನೇಯ್ದುಬಿಟ್ಟವು.
ನಾನು ಬಂದದ್ದು ಆಮೇಲೆ.
ಯಂತ್ರ ಸಿಗಿಸಿಕೊಂಡು ಕೇಳಿದರೆ ನನ್ನ ದನಿ
"ರೇಡಿಯೋದಾಗ ಕುಂತ ಕಾಗಿ" ಅಂತೆ.

ಸೆಪ್ಟೆಂಬರಿನ ಕೊನೆ. ದುರ್ಬೀನು ಒಂದೇ, ಸರದಿಯ ಮೇಲೆ.
ಬಂಡೆಗಳ ತುಂಬ ಸೀಲುಗಳು,
ಒಣಹಾಕಿ ಮರೆತ ದಿಂಬುಗಳ ಹಾಗೆ.
ಬೆಟ್ಟದ ನೆತ್ತಿಯಿಂದ ನೀರು, ದಾರ ಬಿಚ್ಚಿದಂತೆ.
ಕಿತ್ತ ಬಾಗಿಲೊಂದು ಹಾರಿದಂತೆ ಕಡಲಹದ್ದು.
ನಾನು ಕೂಗುವುದಿಲ್ಲ, ಇಪ್ಪತ್ತೆರಡು ವರ್ಷದ ರೂಢಿ:
ತೋಳಿಗೆ ಒಂದು ತಟ್ಟಿದರೆ ಬಲಕ್ಕೆ ನೋಡು,
ಎರಡಾದರೆ ಎಡಕ್ಕೆ,
ಮೂರಾದರೆ ಚಹಾ.

ಅಡುಗೆಯ ಮೋರಾಗ್, ಎಪ್ಪತ್ತು ದಾಟಿದವಳು,
ಸೂಪಿನ ಬಟ್ಟಲಿಟ್ಟು ಇವಳ ಮುಖ ನೋಡಿದಳು;
ಸದ್ದಿಲ್ಲದೆ ಬಾಯಗಲಿಸಿ, ಬೆರಳಾಡಿಸಿ ಕೇಳಿದಳು: ಇನ್ನಷ್ಟು?
ಡಂಡೀಯ ಸೆಣಬಿನ ಮಿಲ್ಲಿನಲ್ಲಿ ಅವಳವ್ವ
ಮಗ್ಗದಾಚೆಯವರ ಜೊತೆ ಹೀಗೇ ಮಾತಾಡುತ್ತಿದ್ದಳಂತೆ.
ಆಮೇಲೆ ಅವರಿಬ್ಬರದೇ ಗದ್ದಲ, ನಾಲ್ಕು ಕೈಗಳದು.
ನಾನು ಉಪ್ಪು ಕೇಳಿದ್ದು ಯಾರಿಗೂ ಕೇಳಲಿಲ್ಲ.

ಗಾಳಿ ತಿರುಗಿತು. ನರಕಕ್ಕೇ ಹೋದೆವು.
ಅಲ್ಲಿದ್ದದ್ದು ಕರಿ ಬೆಟ್ಟ,
ಅದರಡಿ ತಲೆಕೆಳಗಾದ ಅದೇ ಬೆಟ್ಟ,
ದಂಡೆಯ ಒಂದೇ ಮನೆಗೆ ಒಂದೇ ದೀಪ.
ಸರಪಳಿ ಗಡಗಡನೆ ಇಳಿದು
ಇಂಜಿನ್ನು ನಿಂತಾಗ
ಕಿವಿಯಲ್ಲಿ ಏನೂ ಇರಲಿಲ್ಲ ನನಗೆ.
ಹೆದರಿಕೆಯಾಯಿತು.
ಇವಳು ಇಷ್ಟು ವರ್ಷ ಸಂಸಾರ ಹೂಡಿದ್ದು ಇಲ್ಲೇನಾ?

ಎರಡು ಗಂಟೆಗೆ ಹಲಗೆಯಾಚೆ ಯಾರೋ ಉಸಿರುಬಿಟ್ಟರು.
ಫುಸ್ಸ್.
ಮತ್ತೆ, ತುಸು ದೂರ, ಫುಸ್ಸ್.
ಪೋರ್ಪಸ್ ಇರಬೇಕು, ರೂರಿ ಹೇಳಿದ್ದ.
ಅವಳನ್ನು ಎಬ್ಬಿಸಿದೆ. ಕತ್ತಲಲ್ಲಿ ತುಟಿ ಕಾಣದು,
ಅಂಗೈಯಲ್ಲಿ ಬರೆಯೋಣವೆಂದರೆ
ಉಸಿರಿಗೆ ಯಾವ ಅಕ್ಷರ?
ಹೆಗಲಿಗೆ ಬಾಯಿಟ್ಟು ಊದಿದೆ, ಫುಸ್ಸ್.
"ಈ ವಯಸ್ಸಿನ್ಯಾಗ ಹುಚ್ಚೇನ್ರಿ ನಿಮಗ!"

ಎರಡೆರಡು ಸ್ವೆಟರು ತೊಟ್ಟು ಮೇಲೆ ಬಂದೆವು.
ನಾನು ಕಿವಿಗೊಟ್ಟು ಕತ್ತಲನ್ನು ಹುಡುಕುತ್ತಿದ್ದೆ.
ಬಕೀಟಿನ ಹಗ್ಗ ನೀರಿಗೆ ಜೋತಿದ್ದನ್ನು ಅವಳು ಅಲ್ಲಾಡಿಸಿದಳು,
ನೀರು ಹೊತ್ತಿಕೊಂಡಿತು.
ಹಸಿರೋ ನೀಲಿಯೋ ಹೇಳಲಾರೆ.
ಮತ್ತೆ ಅಲ್ಲಾಡಿಸಿದಳು. ಮತ್ತೆ.
ಆಮೇಲೆ, ದೋಣಿಯ ಕೆಳಗಿಂದಲೇ,
ಬೆಳಕಿನ ಎರಡು ಗೆರೆ ಹೊರಟು,
ಒಂದರ ಪಕ್ಕ ಒಂದು, ಒಮ್ಮೆ ಕೂಡಿ, ಬಿಟ್ಟು,
ಕೊಲ್ಲಿಯ ಬಾಯಿಯ ಕಡೆ ಹೋದವು.
ನನಗೆ ಕೇಳಿದ್ದನ್ನು ನೋಡಿದವಳು ಅವಳು.

ಚಳಿಗೆ ಮೂಗು ಸೋರುತ್ತಿತ್ತು ಇಬ್ಬರಿಗೂ.
ನನ್ನ ತೋಳು ತಟ್ಟಿದಳು.
ಒಂದು, ಎರಡು, ಮೂರು. ಚಹಾ, ಅಂದುಕೊಂಡು ಏಳಹೊರಟೆ.
ನಾಲ್ಕು.
ನಾಲ್ಕಕ್ಕೆ ನಾವಿನ್ನೂ ಏನೂ ಇಟ್ಟಿರಲಿಲ್ಲ.